ಒಳಗೆ ಬಿಟ್ಟ ಒಂದಿಂಚು

ಬೀದಿಯ ಜನ ಅವರನ್ನು ಒಂದಿಂಚು ಮಾಸ್ಟರು ಎಂದು ಕರೆಯುತ್ತಿದ್ದರು. ಎದುರಿಗೇ ಕರೆಯುತ್ತಿದ್ದರು, ಅವರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಪ್ಯಾಂಟು ಹೊಲಿಯಲಿ, ಕೋಟು ಹೊಲಿಯಲಿ, ಹೊಲಿಗೆಯ ಒಳಗಡೆ ಒಂದಿಂಚು ಬಟ್ಟೆ ಮಡಚಿ ಬಿಡುವುದು ಅವರ ಪದ್ಧತಿ. ಬಟ್ಟೆ ಕೊಡುವಾಗ ಅದನ್ನು ಮಗುಚಿ ತೋರಿಸಿ, "ಒಳಗೆ ಒಂದಿಂಚು ಬಿಟ್ಟಿದೀನಿ, ಮುಂದೆ ಬೇಕಾಗತ್ತೆ" ಎನ್ನುತ್ತಿದ್ದರು. ಕಡ್ಡಿಯ ಹಾಗಿರುವ ಗಿರಾಕಿ ಬಂದು, "ನನಗ್ಯಾಕೆ ಮಾಸ್ಟ್ರೇ?" ಎಂದರೆ, "ಎರಡು ವರ್ಷ ಬಿಟ್ಟು ಬನ್ನಿ, ಮಾತಾಡೋಣ" ಎಂದು ನಗುತ್ತಿದ್ದರು. ಎರಡು ವರ್ಷ ಬಿಟ್ಟು ಅವನು ಅದೇ ಪ್ಯಾಂಟನ್ನು ಕಂಕುಳಲ್ಲಿ ಇಟ್ಟುಕೊಂಡು ತಲೆ ತಗ್ಗಿಸಿ ಬರುತ್ತಲೂ ಇದ್ದ.

ಅಂಗಡಿ ಎಂದರೆ ಒಂದೇ ಷಟರಿನ ಉದ್ದನೆಯ ಕೋಣೆ. ಒಂದು ಪಕ್ಕ ಬೀಗದ ಕೈ ಮಾಡುವವನ ಗೂಡು, ಇನ್ನೊಂದು ಪಕ್ಕ ಜೆರಾಕ್ಸ್ ಅಂಗಡಿ. ಒಳಗೆ ಕಾಲಿಟ್ಟರೆ ಮೊದಲು ಸೊಂಟದೆತ್ತರದ ಕಟಿಂಗ್ ಮೇಜು, ಹಿಂದೆ ಎರಡು ಮಿಷನ್ನು, ಮೂಲೆಯಲ್ಲಿ ಇಸ್ತ್ರಿ, ಗೋಡೆಗೆ ಒಂದು ನಿಲುವುಗನ್ನಡಿ. ಕನ್ನಡಿಯ ಮೇಲಿನ ಹಲಗೆಯಲ್ಲಿ ಇಪ್ಪತ್ತೆರಡು ವರ್ಷದ ಅಳತೆ ಪುಸ್ತಕಗಳು. ಬೀದಿಯಲ್ಲಿ ಯಾರ ಹೊಟ್ಟೆ ಯಾವ ವರ್ಷ ಮುಂದೆ ಬಂತು, ಯಾರ ಭುಜ ಯಾವಾಗ ಇಳಿಯಿತು ಎಂಬುದೆಲ್ಲ ಅವುಗಳಲ್ಲಿ ಇತ್ತು. ಮಾಸ್ಟರು ಟೇಪು ಹಿಡಿದು ಅಳತೆ ಕೂಗುವುದು, ಸ್ಟೂಲಿನ ಮೇಲೆ ಕೂತ ಹೆಂಡತಿ ಬರೆದುಕೊಳ್ಳುವುದು, ಮದುವೆಯಾದಾಗಿನಿಂದ ಹೀಗೇ ನಡೆದಿತ್ತು. ಹೆಂಡತಿಗೆ ಬೀದಿಯಲ್ಲಿ ಗುಂಡಿಯಕ್ಕ ಎಂದು ಹೆಸರು. ಕಾಜಾ ಹೊಲಿಯುವುದು, ಗುಂಡಿ ಹಾಕುವುದು, ಪ್ಯಾಂಟಿನ ಕಾಲಂಚು ಮಡಚುವುದು ಅವರ ಪಾಲಿನ ಕೆಲಸ. ದೊಡ್ಡ ಕತ್ತರಿಯನ್ನು ಮಾತ್ರ ಅವರು ಮುಟ್ಟುವ ಹಾಗಿರಲಿಲ್ಲ. ಅದು ಮಾಸ್ಟರಿಗೆ ಅವರ ಅಣ್ಣನಿಂದ ಬಂದದ್ದು. ಸಾಣೆ ಹಿಡಿಸಲು ಸಹ ಅವರೇ ಹೋಗಿ, ಮುಗಿಯುವ ತನಕ ಅಲ್ಲೇ ನಿಂತಿದ್ದು ತರುತ್ತಿದ್ದರು.

ಅಷ್ಟೊಂದು ಜನರ ಅಳತೆ ಇದ್ದ ಆ ಪುಸ್ತಕಗಳಲ್ಲಿ ಒಬ್ಬರ ಅಳತೆ ಇರಲಿಲ್ಲ. ಅದು ಮಾಸ್ಟರದೇ. ಅವರ ಪ್ಯಾಂಟು ಅವರೇ ಹೊಲಿದುಕೊಳ್ಳುತ್ತಿದ್ದರು, ಹಳೆಯದನ್ನು ಮೇಜಿನ ಮೇಲೆ ಹಾಸಿ ಅದರ ಮೇಲೆಯೇ ಹೊಸದನ್ನು ಕತ್ತರಿಸುತ್ತಿದ್ದರು. ವರ್ಷಕ್ಕೊಮ್ಮೆ ಸೊಂಟ ಸ್ವಲ್ಪ ಹಿಡಿದ ಹಾಗಾದರೆ ಹಿಂದಿನ ಹೊಲಿಗೆ ಬಿಚ್ಚಿ ಅರ್ಧ ಇಂಚು ಸಡಿಲ ಮಾಡಿಕೊಳ್ಳುತ್ತಿದ್ದರು. ಐದು ನಿಮಿಷದ ಕೆಲಸ. ಬೇರೆಯವರಿಗೆ ಪ್ಯಾಂಟು ಬಿಗಿಯಾದರೆ ಒಂದು ಗಾಬರಿಯಾಗುತ್ತದೆ, ಊಟ ಕಡಿಮೆ ಮಾಡಬೇಕು, ನಡೆಯಬೇಕು ಎಂದು ನಾಲ್ಕು ದಿನವಾದರೂ ಅಂದುಕೊಳ್ಳುತ್ತಾರೆ. ನಮ್ಮ ಮಾಸ್ಟರಿಗೆ ಆ ಭಾಗ್ಯವೇ ಸಿಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದೇ ಒಂದು ಪ್ಯಾಂಟು ಸಹ ಅವರಿಗೆ ಎದುರು ಮಾತಾಡಿರಲಿಲ್ಲ. ಹಾಗಾಗಿ ತಾನು ಮದುವೆಯ ದಿನ ಹೇಗಿದ್ದೆನೋ ಹಾಗೇ ಇದ್ದೇನೆ, ಹೆಚ್ಚೆಂದರೆ ಸ್ವಲ್ಪ ಮೈ ತುಂಬಿಕೊಂಡಿದೆ ಎಂದು ಅವರು ನಂಬಿಕೊಂಡಿದ್ದರು. ಕನ್ನಡಿ ಎದುರಿಗೇ ಇತ್ತು. ಆದರೆ ಟೈಲರು ಕನ್ನಡಿಯಲ್ಲಿ ಗಿರಾಕಿಯನ್ನು ನೋಡುತ್ತಾನೆಯೇ ಹೊರತು ತನ್ನನ್ನು ನೋಡಿಕೊಳ್ಳುವುದಿಲ್ಲ.

ಇನ್ನು ಅವರ ಬಾಯಿಯ ವಿಷಯ. ಟ್ರಯಲ್ ನೋಡುವಾಗ ಐದಾರು ಗುಂಡುಸೂಜಿ ಯಾವಾಗಲೂ ತುಟಿಗಳ ನಡುವೆ ಇರುತ್ತಿದ್ದವು. ಅವನ್ನು ಕಚ್ಚಿಕೊಂಡೇ ಗಿರಾಕಿಯ ಜೊತೆ ಮಾತಾಡುತ್ತಿದ್ದರು, ಅಳತೆ ಕೂಗುತ್ತಿದ್ದರು, ಬೀಗದ ಕೈಯವನನ್ನು ರೇಗಿಸುತ್ತಲೂ ಇದ್ದರು. ದಾರ ಕತ್ತರಿಸಲು ಅವರು ಕತ್ತರಿ ಎತ್ತಿಕೊಂಡದ್ದನ್ನು ಯಾರೂ ನೋಡಿಲ್ಲ. ಬಟ್ಟೆಗೆ ಕತ್ತರಿ, ದಾರಕ್ಕೆ ಹಲ್ಲು ಎಂಬುದು ಅಣ್ಣ ಕಲಿಸಿದ ಪಾಠ. ಮುಂದಿನ ಎರಡು ಹಲ್ಲುಗಳ ಅಂಚಿನಲ್ಲಿ ದಾರ ಕಚ್ಚಿ ಕಚ್ಚಿ ಒಂದು ಸಣ್ಣ ಗೀರು ಬಿದ್ದಿತ್ತು.

ಮೊದಲ ಸಲ ಬಿಳಿಯ ದಾರದ ತುದಿ ಕೆಂಪಾದಾಗ ಮಾಸ್ಟರು, "ಸೂಜಿ ಚುಚ್ಚಿತು" ಅಂದುಕೊಂಡರು. ಎರಡನೇ ಸಲವೂ ಸೂಜಿಯ ತಲೆಗೇ ಕಟ್ಟಿದರು. ಆಮೇಲೆ ಒಂದು ಭಾನುವಾರ ಬೆಳಿಗ್ಗೆ, ಸೂಜಿಯನ್ನು ಕಣ್ಣಿಂದಲೂ ನೋಡಿರದ ಹೊತ್ತಿನಲ್ಲಿ, ಹಲ್ಲುಜ್ಜಿ ಉಗುಳಿದ ನೊರೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಕನ್ನಡಿಯ ಹತ್ತಿರ ಹೋಗಿ ತುಟಿ ಎತ್ತಿ ನೋಡಿದರು. ವಸಡು ಊದಿಕೊಂಡು ಕೆಂಪಗೆ ಹೊಳೆಯುತ್ತಿತ್ತು. ಮುಂದಿನ ಒಂದು ಹಲ್ಲನ್ನು ನಾಲಿಗೆಯಿಂದ ತಳ್ಳಿದರೆ ಸ್ವಲ್ಪ ಅಲ್ಲಾಡುತ್ತಿತ್ತು. ಮಾಸ್ಟರು ತಟ್ಟನೆ ಬಾಯಿ ಮುಚ್ಚಿಕೊಂಡರು.

ಯಾಕೆಂದರೆ "ಸೂಜಿ ಚುಚ್ಚಿತು" ಎಂಬ ಮಾತು ಅವರದಲ್ಲ, ಅವರ ಅಣ್ಣನದು. ಅಣ್ಣನೂ ಟೈಲರೇ. ದಿನವಿಡೀ ಕೆನ್ನೆಯಲ್ಲಿ ಹೊಗೆಸೊಪ್ಪು ಇಟ್ಟುಕೊಂಡಿರುತ್ತಿದ್ದ. ಬಾಯಿಯಿಂದ ರಕ್ತ ಬಂದಾಗ ಮೂರು ತಿಂಗಳು ಸೂಜಿ ಚುಚ್ಚಿತು, ಸೂಜಿ ಚುಚ್ಚಿತು ಎನ್ನುತ್ತಲೇ ಕಾಲ ತಳ್ಳಿದ. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಬಾಯಿಯ ಕ್ಯಾನ್ಸರು ಕತ್ತಿಗೆ ಇಳಿದಿತ್ತು. ಅತ್ತಿಗೆಗೆ ಹೊಲಿಗೆಯ ಕೆಲಸ ಒಂದಿಷ್ಟೂ ಗೊತ್ತಿರಲಿಲ್ಲ. ಗಂಡ ಹೋದ ಮೇಲೆ ಮಿಷನ್ನು ಮಾರಿ, ಅಂಗಡಿ ಬಿಟ್ಟುಕೊಟ್ಟು, ತಂಗಿಯ ಮನೆಯಲ್ಲಿ ಹೋಗಿ ಇರಬೇಕಾಯಿತು. ಹೋಗುವ ದಿನ ಕತ್ತರಿಯನ್ನು ಒಂದು ಟವೆಲಿನಲ್ಲಿ ಸುತ್ತಿ ಮಾಸ್ಟರ ಕೈಗೆ ಕೊಟ್ಟಿದ್ದರು.

ಮಾಸ್ಟರು ಹೊಗೆಸೊಪ್ಪನ್ನು ಬಾಯಿಗಿಟ್ಟವರಲ್ಲ. ಆದರೆ ಹೆದರಿದವನಿಗೆ ಅಷ್ಟು ಲೆಕ್ಕಾಚಾರ ಎಲ್ಲಿ ಬರುತ್ತದೆ? ಡಾಕ್ಟರ ಹತ್ತಿರ ಹೋದರೆ ಹೆಸರು ಹೇಳಿಬಿಡುತ್ತಾರೆ, ಹೋಗದಿದ್ದರೆ ಅದಕ್ಕೆ ಹೆಸರಿಲ್ಲ ಎಂಬುದು ಅವರ ವಾದ. ಬುದ್ಧಿವಂತರೂ ಹೀಗೆ ಯೋಚಿಸುವುದನ್ನು ನಾನು ಕಂಡಿದ್ದೇನೆ, ಆದ್ದರಿಂದ ಮಾಸ್ಟರನ್ನು ಬೈಯಲಾರೆ. ಬಾಯಿ ವಾಸನೆ ಬರುತ್ತಿದೆ ಎನ್ನಿಸಿ ಒಂದು ಲವಂಗವನ್ನು ದವಡೆಯಲ್ಲಿ ಒತ್ತಿಟ್ಟುಕೊಂಡರು. ಮನೆಯಲ್ಲಿ ಮಾತಾಡುವಾಗ ಮುಖ ಆ ಕಡೆ ತಿರುಗಿಸಿ ಮಾತಾಡಲು ಶುರು ಮಾಡಿದರು. ಯಾರಿಗೂ ಒಂದು ಮಾತು ಹೇಳಲಿಲ್ಲ.

ಮರುದಿನ ಸೋಮವಾರ ಅವರು ಕತ್ತರಿಯನ್ನು ಹೆಂಡತಿಯ ಮುಂದೆ ಇಟ್ಟರು.

"ಇವತ್ತು ಈ ಷರ್ಟು ನೀನೇ ಕತ್ತರಿಸು" ಎಂದರು.

ಗುಂಡಿಯಕ್ಕ ಗಂಡನ ಮುಖ ನೋಡಿದರು, ಕತ್ತರಿಯನ್ನು ನೋಡಿದರು, ಮತ್ತೆ ಮುಖ ನೋಡಿದರು. "ಏನ್ರೀ, ಜ್ವರಾನಾ?"

"ಜ್ವರ ಯಾಕೆ? ಕಲ್ತ್ಕೊ. ಎಷ್ಟು ದಿನ ಅಂತ ಗುಂಡಿ ಹಾಕ್ತಾ ಕೂತಿರ್ತೀಯಾ?"

"ಇಪ್ಪತ್ತೆರಡು ವರ್ಷದಿಂದ ಕೂತಿದೀನಿ. ಇವತ್ತು ಕಣ್ಣಿಗೆ ಬಿತ್ತಾ?"

ಮೊದಲ ವಾರ ಅಕ್ಕ ಒಂದು ಒಳ್ಳೆಯ ಬಟ್ಟೆಯ ತೋಳನ್ನು ಉಲ್ಟಾ ಕತ್ತರಿಸಿಬಿಟ್ಟರು. ಮಾಸ್ಟರು ಕೂಗಾಡುತ್ತಾರೆ ಎಂದು ಕಣ್ಣು ಮುಚ್ಚಿಕೊಂಡು ನಿಂತರು. ಮಾಸ್ಟರು, "ಹೋಗ್ಲಿ ಬಿಡು, ಬಟ್ಟೆ ನಾನು ತಂದ್ಕೊಡ್ತೀನಿ, ಇನ್ನೊಂದು ಸಲ ಹಾಕು" ಎಂದರು. ಅಕ್ಕನಿಗೆ ಬೈಗುಳಕ್ಕಿಂತ ಅದೇ ಹೆಚ್ಚು ಭಯ ಹುಟ್ಟಿಸಿತು. ಆ ಸಂಜೆ ಬೀಗದ ಕೈಯವನ ಹತ್ತಿರ, "ನಿಮ್ಮ ಮಾಸ್ಟ್ರು ಎಲ್ಲಾದ್ರೂ ಓಡಿಹೋಗೋ ಯೋಚನೆಲಿ ಇದಾರಾ?" ಎಂದು ಕೇಳಿದರಂತೆ. ಅವನು, "ಆ ಹೊಟ್ಟೆ ಹೊತ್ಕೊಂಡು ಎಷ್ಟು ದೂರ ಓಡ್ತಾರಕ್ಕ, ಧೈರ್ಯವಾಗಿರಿ" ಎಂದನಂತೆ.

ಪಾಠ ನಿಲ್ಲಲಿಲ್ಲ. ಷರ್ಟು ಆಯಿತು, ಪ್ಯಾಂಟು ಆಯಿತು, ಕಾಲರು, ಜೇಬು, ಕೊನೆಗೆ ಕೋಟು. ಅಕ್ಕನ ಕೈ ಚುರುಕು. ನಾಲ್ಕನೇ ತಿಂಗಳಿಗೆ ಅವರು ಸೀಮೆಸುಣ್ಣದಲ್ಲಿ ಎಳೆದ ಗೆರೆ ಮಾಸ್ಟರ ಗೆರೆಗಿಂತ ಸಪೂರವಾಗಿತ್ತು. ಮಾಸ್ಟರು ಅದನ್ನು ನೋಡಿ ಸಮಾಧಾನಪಡುತ್ತಿದ್ದರು. ಇವಳು ಅತ್ತಿಗೆಯ ಹಾಗೆ ಯಾರ ಮನೆಯ ಬಾಗಿಲಿಗೂ ಹೋಗಬೇಕಾಗಿಲ್ಲ, ಅಷ್ಟಾದರೆ ಸಾಕು ಎಂದು ದಿನಕ್ಕೆ ಹತ್ತು ಸಲ ಅಂದುಕೊಳ್ಳುತ್ತಿದ್ದರು.

ಹೀಗಿರುವಾಗ ಎದುರಿನ ಕಟ್ಟಡದ ಮೊದಲ ಮಹಡಿಯಲ್ಲಿ ಹಲ್ಲಿನ ಆಸ್ಪತ್ರೆ ಇಟ್ಟಿದ್ದ ಡಾಕ್ಟರಮ್ಮ ಎರಡು ಬಿಳಿ ಕೋಟು ಹೊಲಿಯಲು ಕೊಟ್ಟರು. ಕತ್ತರಿಸಿದ್ದು ಅಕ್ಕ, ಹೊಲಿದದ್ದು ಮಾಸ್ಟರು. ಕೊನೆಯಲ್ಲಿ ಕಾಲರಿನ ದಾರವನ್ನು ಹಲ್ಲಿನಿಂದ ಕಚ್ಚಿ ತೆಗೆದಾಗ ಕಾಲರಿನ ಒಳಬದಿಗೆ ಹುಣಸೆ ಬೀಜದಷ್ಟು ರಕ್ತ ಹತ್ತಿತು. ಮಾಸ್ಟರು ಹೆಂಡತಿಗೆ ಕಾಣದ ಹಾಗೆ ಹಿಂದೆ ಹೋಗಿ ತಣ್ಣೀರು, ಉಪ್ಪು ಹಾಕಿ ಉಜ್ಜಿದರು. ಬಣ್ಣ ಹೋಯಿತು, ಮಾಸಲು ಕಂದು ಗುರುತು ಉಳಿಯಿತು. ಮಡಿಕೆ ಅದರ ಮೇಲೆ ಬರುವ ಹಾಗೆ ಇಸ್ತ್ರಿ ಹಾಕಿ ಕಳಿಸಿಬಿಟ್ಟರು. ಇಂಥ ಕೆಲಸವನ್ನು ಅವರು ಜೀವನದಲ್ಲೇ ಮಾಡಿರಲಿಲ್ಲ.

ಎರಡು ದಿನ ಬಿಟ್ಟು ಡಾಕ್ಟರಮ್ಮ ಕೋಟನ್ನು ಕೈಯಲ್ಲಿ ಹಿಡಿದುಕೊಂಡು ರಸ್ತೆ ದಾಟಿ ಬಂದರು.

"ಮಾಸ್ಟ್ರೇ, ಈ ರಕ್ತ ಯಾರದು?" ಡಾಕ್ಟರಮ್ಮ ಕಾಲರು ಮಗುಚಿ ತೋರಿಸಿದರು.

"ತಪ್ಪಾಯ್ತಮ್ಮ. ಸೂಜಿ ಚುಚ್ಚಿತು. ಬೇರೆ ಕೋಟು ಹೊಲಿದ್ಕೊಡ್ತೀನಿ, ದುಡ್ಡೇನೂ ಬೇಡ."

"ಬೆರಳಿಗಾ?"

"ಅಲ್ಲ, ಬಾಯಿಗೆ."

"ಕೋಟು ಹೋಗ್ಲಿ. ಇಲ್ಲಿ ಬೆಳಕಿಗೆ ಬನ್ನಿ, ಬಾಯಿ ತೆಗೀರಿ."

"ಅಂಗಡೀಲಾ?"

"ನೀವು ನನ್ನ ಅಳತೆ ಅಂಗಡೀಲೇ ತಗೊಳ್ಳಿಲ್ವಾ? ತೆಗೀರಿ." ಅವರು ಮೊಬೈಲಿನ ಟಾರ್ಚು ಹಚ್ಚಿಯೇಬಿಟ್ಟರು. ಬೀಗದ ಕೈಯವನು ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತ. ಡಾಕ್ಟರಮ್ಮ ತುಟಿಯನ್ನು ಬೆರಳಿನಿಂದ ಎತ್ತಿ ಒಂದು ಗಳಿಗೆ ನೋಡಿದರು. "ಇದು ಸೂಜಿ ಅಲ್ಲ. ಎಷ್ಟು ದಿನದಿಂದ ರಕ್ತ ಬರ್ತಿದೆ?"

ಬಾಯಿ ತೆರೆದುಕೊಂಡಿದ್ದವರಿಗೆ ಸುಳ್ಳು ಹೊಂದಿಸಿಕೊಳ್ಳಲು ಆಗಲಿಲ್ಲ. "ಆರು ತಿಂಗ್ಳು" ಎಂದುಬಿಟ್ಟರು.

ಸ್ಟೂಲಿನ ಮೇಲೆ ಕೂತಿದ್ದ ಗುಂಡಿಯಕ್ಕ ಎದ್ದು ನಿಂತರು. ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. "ಆರು ತಿಂಗ್ಳು" ಎಂದು ಮೆಲ್ಲಗೆ ಹೇಳಿಕೊಂಡರು. ಆಮೇಲೆ ಗಂಡನ ಹತ್ತಿರ ಬಂದು, "ನನ್ನ ಕೈಗೆ ಕತ್ತರಿ ಕೊಟ್ಟು ಆರು ತಿಂಗ್ಳಾಯ್ತು" ಎಂದರು.

ಮಾಸ್ಟರು ಬಾಯಿ ಮುಚ್ಚಿದರು. ಡಾಕ್ಟರಮ್ಮನಿಗೆ ಏನೂ ಅರ್ಥವಾಗಲಿಲ್ಲ, ಆದರೆ ಅವರು ಜಾಣೆ, ಕೇಳಲಿಲ್ಲ. "ನಾಳೆ ಹತ್ತು ಗಂಟೆಗೆ ಬನ್ನಿ" ಎಂದು ಹೇಳಿ ಹೋದರು. ಬೀಗದ ಕೈಯವನೂ ತನ್ನ ಗೂಡಿಗೆ ಹೋದ. ಅಕ್ಕ ಷಟರನ್ನು ಅರ್ಧ ಇಳಿಸಿ, ನೆಲಕ್ಕೆ ಬಿದ್ದ ಬಟ್ಟೆಯನ್ನು ಎತ್ತಿ ಮುಖಕ್ಕೆ ಒತ್ತಿಕೊಂಡು ಅತ್ತರು. "ಭಾವನಿಗೆ ಬಂದಿದ್ದೇ ಅಂದ್ಕೊಂಡ್ರಾ? ಒಬ್ರೇ ಅಂದ್ಕೊಂಡು ಕೂತಿದ್ರಾ? ನಾನು ಇಲ್ಲಿ ಮೂರು ಮೊಳ ದೂರದಲ್ಲಿ ಕೂತಿದ್ದೆ, ರೀ." ಮಾಸ್ಟರಿಗೆ ನಾಚಿಕೆಯೂ ಆಯಿತು, ಹೇಳಿಬಿಟ್ಟೆನಲ್ಲ ಎಂದು ಎದೆಯ ಭಾರ ಸ್ವಲ್ಪ ಇಳಿದಂತೆಯೂ ಆಯಿತು.

ಮರುದಿನ ಕೆಲಸದ ದಿನವಾದರೂ ಅಂಗಡಿ ತೆರೆಯಲಿಲ್ಲ. ಇಬ್ಬರೂ ಎದುರಿನ ಮಹಡಿ ಹತ್ತಿದರು. ಹದಿನೆಂಟು ಮೆಟ್ಟಿಲಿಗೆ ಮಾಸ್ಟರು ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ಹೆದರಿಕೆಗೆ ಹೀಗಾಗುತ್ತಿದೆ ಎಂದುಕೊಂಡರು.

ಡಾಕ್ಟರಮ್ಮ ಅವರನ್ನು ಆ ಉದ್ದನೆಯ ಕುರ್ಚಿಯಲ್ಲಿ ಮಲಗಿಸಿ ದೀಪ ಹತ್ತಿರ ಎಳೆದರು. ಅಣ್ಣನ ವಿಷಯವನ್ನು ಅಕ್ಕ ಬಾಗಿಲಲ್ಲೇ ಹೇಳಿಬಿಟ್ಟಿದ್ದರು. ಹಾಗಾಗಿ ಹಲ್ಲಿನ ಗೋಜಿಗೆ ಹೋಗದೆ ಮೊದಲು ಕ್ಯಾನ್ಸರಿನ ಗುರುತನ್ನೇ ಹುಡುಕಿದರು. ಎರಡೂ ಕೆನ್ನೆಯ ಒಳಗೆ ನೋಡಿದರು. ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಆ ಪಕ್ಕ ಈ ಪಕ್ಕ ಎಳೆದು ನೋಡಿದರು. ನಾಲಿಗೆಯ ಅಡಿ, ಅಂಗುಳ, ಗಂಟಲಿನ ಬಾಯಿ. ಆಮೇಲೆ ಕತ್ತನ್ನು ಎರಡೂ ಕೈಯಲ್ಲಿ ಒತ್ತಿ ಒತ್ತಿ ಮುಟ್ಟಿದರು. ಮಾಸ್ಟರು ಚಾವಣಿಯ ಒಂದು ಬಿರುಕನ್ನೇ ನೋಡುತ್ತ ಮಲಗಿದ್ದರು. ಅಷ್ಟು ಹೊತ್ತು ಅಕ್ಕ ಅವರ ಕಾಲಿನ ಹೆಬ್ಬೆರಳನ್ನು ಹಿಡಿದುಕೊಂಡೇ ನಿಂತಿದ್ದರು.

"ಮಾಸ್ಟ್ರೇ, ನೀವು ಹೆದರಿಕೊಂಡಿದ್ದು ಇಲ್ಲಿ ಇಲ್ಲ" ಎಂದರು ಡಾಕ್ಟರಮ್ಮ. "ಹುಣ್ಣಿಲ್ಲ, ಗಂಟಿಲ್ಲ, ಬಿಳಿ ಮಚ್ಚೆ ಇಲ್ಲ. ಇದು ವಸಡಿನ ಕಾಯಿಲೆ. ಚೆನ್ನಾಗಿ ಬೆಳೆಸಿದೀರಿ, ಆದ್ರೆ ಕೈ ಮೀರಿಲ್ಲ."

ಮಾಸ್ಟರ ಕಣ್ಣಿನ ಎರಡೂ ತುದಿಯಿಂದ ನೀರು ಇಳಿದು ಕಿವಿಗೆ ಹೋಯಿತು. ಒರೆಸಿಕೊಳ್ಳಲೂ ತೋಚಲಿಲ್ಲ. ಬದುಕಿದೆ, ಬದುಕಿದೆ ಎಂದು ಅವರ ಮನಸ್ಸು ಕೂಗಿಕೊಂಡಿತು. ಅಕ್ಕ ಹೆಬ್ಬೆರಳನ್ನು ಬಿಟ್ಟು ಅದಕ್ಕೆ ಚಿಟಿಕೆ ಹೊಡೆದ ಹಾಗೆ ಒಂದು ಪೆಟ್ಟು ಕೊಟ್ಟರು.

ಆಮೇಲೆ ಡಾಕ್ಟರಮ್ಮ ಒಂದು ಸಪೂರ ಕಡ್ಡಿ ತೆಗೆದರು. ಅದರ ತುದಿಯಲ್ಲಿ ಮಿಲಿಮೀಟರಿನ ಗೆರೆಗಳಿದ್ದವು. ಹಲ್ಲಿಗೂ ವಸಡಿಗೂ ನಡುವೆ ಅದನ್ನು ಮೆಲ್ಲಗೆ ಇಳಿಸಿ, ಎಷ್ಟು ಆಳ ಹೋಗುತ್ತದೆ ಎಂದು ನೋಡಿ ಕೂಗುತ್ತಾ ಹೋದರು. ಪಕ್ಕದಲ್ಲಿ ನರ್ಸಮ್ಮ ಬರೆದುಕೊಂಡರು. "ಮೂರು, ಮೂರು, ಐದು. ಆರು, ನಾಲ್ಕು, ಆರು."

ಮಾಸ್ಟರು ಮಲಗಿದ್ದಲ್ಲೇ ಕಣ್ಣರಳಿಸಿದರು. ಒಬ್ಬರು ಕೂಗುವುದು, ಒಬ್ಬರು ಬರೆಯುವುದು, ಇದು ತಮ್ಮದೇ ಕಸುಬು! ಕಡ್ಡಿ ಹೊರಗೆ ಬಂದ ತಕ್ಷಣ ಕೇಳಿದರು, "ಎಷ್ಟಿರಬೇಕಮ್ಮ, ಸರಿಯಾದ ಅಳತೆ?"

"ಮೂರರ ಒಳಗೆ. ನಿಮ್ಮದು ಎಷ್ಟೋ ಕಡೆ ಆರು. ವಸಡು ಹಲ್ಲನ್ನ ಬಿಟ್ಟು ಸಡಿಲ ಆಗಿದೆ."

"ಹೊಲಿಗೆ ಬಿಟ್ಟಿದೆ ಅನ್ನಿ."

"ಹಾಗೇ ಅನ್ನಿ. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿ ಕಲ್ಲಾಗಿದೆ. ಅದರಲ್ಲಿರೋ ಕ್ರಿಮಿ ಜೊತೆ ನಿಮ್ಮ ಮೈ ಜಗಳ ಆಡ್ತಾ ಇದೆ. ಆ ಜಗಳಕ್ಕೇ ಉರಿಯೂತ ಅನ್ನೋದು. ಕೆಂಪಾಗೋದು, ಊದೋದು, ರಕ್ತ ಬರೋದು, ಒಳಗೆ ಮೂಳೆ ಸವೆಯೋದು ಎಲ್ಲ ಅದರಿಂದಾನೇ. ಈಗ ಇನ್ನೊಂದು ಕೇಳ್ತೀನಿ. ನಿಮ್ಮ ಸೊಂಟ ಎಷ್ಟು?"

ಬೀದಿಯ ಮುನ್ನೂರು ಜನರ ಸೊಂಟ ಬಾಯಿಪಾಠವಿದ್ದ ಮಾಸ್ಟರು ತಡವರಿಸಿದರು. "ಮೂವತ್ತಾರು ಇರಬೋದು."

ಡಾಕ್ಟರಮ್ಮ ಅವರ ಹೊಟ್ಟೆ ನೋಡಿದರು, ಆಮೇಲೆ ಅಕ್ಕನ ಮುಖ ನೋಡಿದರು. ಅಕ್ಕ ಬ್ಯಾಗಿನಿಂದ ಟೇಪು ತೆಗೆದರು. ಮಾಸ್ಟರು ಎದ್ದು ನಿಂತು ಹೊಟ್ಟೆ ಒಳಗೆಳೆದುಕೊಂಡರು.

"ಉಸಿರು ಬಿಡ್ರೀ. ಗಿರಾಕಿಗಳಿಗೆ ನೀವೇ ಬೈತೀರಲ್ಲ."

ಉಸಿರು ಬಿಟ್ಟರು. ಮದುವೆಯ ಸೂಟಿಗೆ ಅಣ್ಣ ತೆಗೆದ ಅಳತೆಯೇ ಕೊನೆ, ಆಮೇಲೆ ಇನ್ನೊಬ್ಬರು ಅವರ ಮೈಗೆ ಟೇಪು ಹಿಡಿದದ್ದು ಅದೇ ಮೊದಲು. ಅಕ್ಕ ಟೇಪಿನ ಎರಡು ತುದಿ ಸೇರಿಸಿ ಅಂಗಡಿಯಲ್ಲಿ ಗಂಡ ಕೂಗುವ ಧಾಟಿಯಲ್ಲೇ ಕೂಗಿದರು. "ನಲವತ್ಮೂರೂವರೆ!"

"ಸುಳ್ಳು. ಟೇಪು ಹಳೇದು, ಜಗ್ಗಿಹೋಗಿದೆ."

"ಜಗ್ಗಿದ್ರೆ ಕಮ್ಮಿ ತೋರಿಸ್ಬೇಕಿತ್ತು. ನಿಜವಾದ್ದು ಇನ್ನೂ ಜಾಸ್ತಿ ಇರತ್ತೆ" ಎಂದರು ಅಕ್ಕ. ಟೇಪಿನ ವಿಷಯವನ್ನು ಅವರಿಗೆ ಕಲಿಸಿದ್ದು ಮಾಸ್ಟರೇ. ನರ್ಸಮ್ಮ ಮುಖ ಆ ಕಡೆ ಮಾಡಿಕೊಂಡು ನಕ್ಕರು.

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತು ಬಿಡಿಸಿ ಹೇಳಿದರು. ಹೊಟ್ಟೆಯ ಸುತ್ತ ಸೇರಿಕೊಂಡ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ, ಅದೂ ರಕ್ತಕ್ಕೆ ಏನೇನೋ ಬಿಡುತ್ತಿರುತ್ತದೆ, ಅದರಿಂದ ಇಡೀ ಮೈಯಲ್ಲಿ ಸಣ್ಣ ಉರಿಯಲ್ಲಿ ಒಲೆ ಹಚ್ಚಿಟ್ಟ ಹಾಗಾಗುತ್ತದೆ. ಅಂಥ ಮೈಯಲ್ಲಿ ವಸಡಿನ ಜಗಳ ಬೇಗ ನಿಲ್ಲುವುದಿಲ್ಲ. ಇನ್ನೊಂದು ಕಡೆಯಿಂದ, ಕೆಟ್ಟ ವಸಡಿನಿಂದಲೂ ಕ್ರಿಮಿ, ಉರಿ ಎರಡೂ ರಕ್ತಕ್ಕೆ ಸೇರುತ್ತವೆ, ಆಗ ಮೈಯ ಸಕ್ಕರೆಯನ್ನು ಹತೋಟಿಯಲ್ಲಿಡುವುದು ಕಷ್ಟವಾಗುತ್ತದೆ.

"ಹಾಗಾದ್ರೆ ಹಲ್ಲು ಕ್ಲೀನ್ ಮಾಡಿಸಿದ್ರೆ ಹೊಟ್ಟೆ ಕರಗತ್ತಾ?" ಅಕ್ಕ ಆಸೆಯಿಂದ ಕೇಳಿದರು.

"ಇಲ್ಲ ಅಕ್ಕ, ಹಾಗಿದ್ದಿದ್ರೆ ನನ್ನ ಬಾಗಿಲಲ್ಲಿ ಜನ ಸಾಲು ನಿಲ್ತಿದ್ರು. ಹೊಟ್ಟೆ ಇದ್ದೋರಿಗೆಲ್ಲ ಇದು ಬರಲ್ಲ, ತೆಳ್ಳಗಿದ್ದೋರಿಗೆ ಬರಲ್ಲ ಅಂತಾನೂ ಇಲ್ಲ. ಎರಡೂ ಒಟ್ಟಿಗೆ ಕಾಣಿಸ್ಕೊಳ್ಳೋದು ಜಾಸ್ತಿ, ಅಷ್ಟು ಗೊತ್ತು. ಯಾವುದು ಯಾವುದನ್ನ ಎಷ್ಟು ಎಳೆಯತ್ತೆ ಅಂತ ಓದಿದೋರು ಇನ್ನೂ ಹುಡುಕ್ತಾ ಇದಾರೆ. ಅದಕ್ಕೇ ಎರಡೂ ಕಡೆಯಿಂದ ಕೆಲಸ ಮಾಡೋಣ. ಹಲ್ಲು ನನ್ನದು, ಸೊಂಟ ನಿಮ್ಮದು. ನಾಳೆ ಸಕ್ಕರೆ ಪರೀಕ್ಷೆ ಮಾಡಿಸ್ಕೊಂಡು ಬನ್ನಿ."

ಸಕ್ಕರೆ ಗಡಿಯ ಮೇಲೆ ನಿಂತಿತ್ತು, ಇನ್ನೂ ದಾಟಿರಲಿಲ್ಲ. ಡಾಕ್ಟರಮ್ಮ ಅವರನ್ನು ಒಬ್ಬ ಫಿಸಿಶಿಯನ್ ಹತ್ತಿರವೂ ಕಳಿಸಿದರು. ಅವರು ಮಾತ್ರೆ ಬರೆಯಲಿಲ್ಲ, ನಡೆಯಿರಿ, ತೂಕ ಇಳಿಸಿ, ಮೂರು ತಿಂಗಳಿಗೆ ಬನ್ನಿ ಎಂದರು. ಇತ್ತ ಡಾಕ್ಟರಮ್ಮ ವಸಡು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ನಾಲ್ಕು ಸಲ ಕೂರಿಸಿ ಹಲ್ಲಿನ ಬುಡದ ಕಲ್ಲನ್ನು ತೆಗೆದರು. ಪ್ರತಿ ಸಲವೂ ಮಾಸ್ಟರು ಒಂದು ಬದಿಯ ತುಟಿ ಜೋತುಬಿದ್ದುಕೊಂಡು ಅಂಗಡಿಗೆ ಬರುತ್ತಿದ್ದರು. ಗಿರಾಕಿಗಳು ನಕ್ಕರೆ ಅವರೂ ಅರ್ಧ ಬಾಯಿಯಲ್ಲಿ ನಗುತ್ತಿದ್ದರು. ಸಾಯುತ್ತೇನೆ ಎಂದುಕೊಂಡಿದ್ದವರಿಗೆ ಇದೆಲ್ಲ ಹಬ್ಬವೇ.

ಮನೆಯಲ್ಲಿ ಗುಂಡಿಯಕ್ಕನ ಕಾನೂನು ಜಾರಿಗೆ ಬಂತು. ದಾರಕ್ಕೆ ಹಲ್ಲು ಮುಟ್ಟಿಸುವ ಹಾಗಿಲ್ಲ ಎಂದು ಒಂದು ಪುಟ್ಟ ಕತ್ತರಿಯನ್ನು ಪಟ್ಟಿಗೆ ಕಟ್ಟಿ ಗಂಡನ ಕತ್ತಿಗೆ ಹಾಕಿದರು. ಸೂಜಿಗಳಿಗೆ ಮಣಿಕಟ್ಟಿಗೆ ಕಟ್ಟುವ ಮೆತ್ತೆ ಮಾಡಿಕೊಟ್ಟರು. ಎರಡು ಹೊತ್ತೂ ಹಲ್ಲುಜ್ಜುವುದು, ರಾತ್ರಿ ಹಲ್ಲಿನ ಸಂದಿಗೆ ಸಣ್ಣ ಬ್ರಷ್ಷು. ಚಹಾದ ಸಕ್ಕರೆ ಮೂರು ಚಮಚದಿಂದ ಅರ್ಧಕ್ಕೆ ಇಳಿಯಿತು. ಅಂಗಡಿಯ ಎದುರು ಬರುತ್ತಿದ್ದ ಬೇಕರಿಯವನಿಗೆ, "ಮಾಸ್ಟ್ರು ಕರೆದ್ರೂ ನಿಲ್ಬೇಡ" ಎಂದು ಅಪ್ಪಣೆಯಾಯಿತು. ಬೆಳಿಗ್ಗೆ ಬಸ್ ಡಿಪೋ ತನಕ ಇಬ್ಬರೂ ನಡೆಯುತ್ತಿದ್ದರು. ಮೊದಮೊದಲು ಮಾಸ್ಟರು ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬರ ಪ್ಯಾಂಟಿನ ಹೊಲಿಗೆಯನ್ನು ಬೈಯುತ್ತ ನಿಂತುಬಿಡುತ್ತಿದ್ದರು. ಕ್ರಮೇಣ ನಡೆಯುತ್ತಲೇ ಬೈಯುವಷ್ಟು ಉಸಿರು ಬಂತು.

ಹೊಸ ಅಳತೆ ಪುಸ್ತಕದ ಮೊದಲ ಪುಟದಲ್ಲಿ ಅಕ್ಕ ಗಂಡನ ಲೆಕ್ಕ ತೆರೆದಿದ್ದರು. ತಿಂಗಳ ಮೊದಲ ದಿನ ಷಟರು ಎತ್ತಿದ ಕೂಡಲೇ ಮೊದಲ ಗಿರಾಕಿ ಮಾಸ್ಟರೇ. ನಲವತ್ಮೂರೂವರೆ. ನಲವತ್ಮೂರೂವರೆ. ನಲವತ್ಮೂರು. ಒಂದು ತಿಂಗಳು ಮತ್ತೆ ಕಾಲು ಇಂಚು ಮೇಲೆ ಹೋಯಿತು, ಆ ದಿನ ಚಹಾಕ್ಕೆ ಆ ಅರ್ಧ ಚಮಚ ಸಕ್ಕರೆಯೂ ಬೀಳಲಿಲ್ಲ.

ಮೂರು ತಿಂಗಳ ನಂತರ ಡಾಕ್ಟರಮ್ಮ ಮತ್ತೆ ಕಡ್ಡಿ ಹಿಡಿದರು. "ಮೂರು, ಎರಡು, ಮೂರು. ನಾಲ್ಕು, ಮೂರು, ನಾಲ್ಕು." ಮಾಸ್ಟರು ಮಲಗಿಕೊಂಡೇ ಬೆರಳಲ್ಲಿ ಎಣಿಸಿಕೊಳ್ಳುತ್ತಿದ್ದರು. ರಕ್ತ ನಿಂತಿತ್ತು. ಅಲ್ಲಾಡುತ್ತಿದ್ದ ಹಲ್ಲು ಗಟ್ಟಿಯಾಗಿ ಕೂರದಿದ್ದರೂ ಮೊದಲಿನಷ್ಟು ತೂಗುತ್ತಿರಲಿಲ್ಲ, ನೋಡಿಕೊಂಡರೆ ಇನ್ನೂ ಬಹಳ ವರ್ಷ ಇರುತ್ತದೆ ಎಂದರು. ಸಕ್ಕರೆಯೂ ಗಡಿಯಿಂದ ಈಚೆಗೆ ಸರಿದಿತ್ತು. "ಇದು ಹಲ್ಲಿನ ಪುಣ್ಯವೋ ನಡೆದಿದ್ದರ ಪುಣ್ಯವೋ ನಾನು ಹೇಳಲಾರೆ, ಎರಡನ್ನೂ ಬಿಡ್ಬೇಡಿ" ಎಂದು ಡಾಕ್ಟರಮ್ಮ ಕಳಿಸಿಕೊಟ್ಟರು. ಈ ಸಲ ಮೆಟ್ಟಿಲಿಳಿಯುವಾಗ ಮಾಸ್ಟರು ಸಿಳ್ಳೆ ಹಾಕಿದರು.

ವರ್ಷ ತುಂಬುವ ಹೊತ್ತಿಗೆ ಪುಸ್ತಕದಲ್ಲಿ ನಲವತ್ತೂಮುಕ್ಕಾಲು ಬಂದಿತ್ತು. ಪ್ಯಾಂಟು ಸೊಂಟದಲ್ಲಿ ನಿಲ್ಲದೆ ಜಾರತೊಡಗಿತು. ಒಂದು ಬೆಳಿಗ್ಗೆ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮಾಸ್ಟರು ಅದನ್ನು ಮೇಜಿನ ಮೇಲೆ ಮಗುಚಿ ಹಾಕಿ ಹಿಂದಿನ ಹೊಲಿಗೆ ಬಿಚ್ಚಿದರು. ಒಳಗಡೆ, ಬಿಚ್ಚಿ ಬಿಚ್ಚಿ ಹೊಲಿದ ಹಳೆಯ ಸೂಜಿತೂತಿನ ಗೆರೆಗಳು ಒಂದರ ಪಕ್ಕ ಒಂದು ಕಾಣುತ್ತಿದ್ದವು. ಕೊನೆಯ ಗೆರೆಯಿಂದ ಬಟ್ಟೆಯ ಅಂಚಿಗೆ ಎರಡು ನೂಲಿನಷ್ಟೂ ಜಾಗ ಉಳಿದಿರಲಿಲ್ಲ. ಮಾಸ್ಟರು ಆ ಗೆರೆಗಳನ್ನು ಬೆರಳಿಟ್ಟು ಎಣಿಸಿದರು. ಆಮೇಲೆ ಹೊಸ ಹೊಲಿಗೆಯನ್ನು ಒಳಗಡೆಯ ಒಂದು ಹಳೆಯ ಗೆರೆಯ ಮೇಲೆಯೇ ಹಾಕಿ, ಹೆಚ್ಚಾದ ಬಟ್ಟೆಯನ್ನು ಎಂದಿನಂತೆ ಮಡಚಿ ಇಸ್ತ್ರಿಗೆ ಕೈ ಹಾಕಿದರು.

"ತಾಳಿ" ಎಂದರು ಗುಂಡಿಯಕ್ಕ.

ಬಂದು ಪ್ಯಾಂಟನ್ನು ತಮ್ಮ ಕಡೆ ಎಳೆದುಕೊಂಡರು. ಮಡಿಕೆ ಬಿಡಿಸಿದರು. ದೊಡ್ಡ ಕತ್ತರಿ ಅವರ ಕೈಯಲ್ಲೇ ಇತ್ತು, ಈಗ ಅದು ಅವರ ಬಲಗೈ ಪಕ್ಕದಲ್ಲೇ ಇರುತ್ತಿತ್ತು. ಮಾಸ್ಟರು, "ಏ ಏ, ಅದು ಒಳಗೆ ಬಿಡೋ ಬಟ್ಟೆ ಕಣೇ, ಮುಂದೆ ಬೇಕಾಗತ್ತೆ" ಎನ್ನುವಷ್ಟರಲ್ಲಿ ಅಕ್ಕ ಹೊಲಿಗೆಯ ಪಕ್ಕದಲ್ಲೇ, ಒಂದು ನೂಲು ಆಚೀಚೆ ಆಗದ ಹಾಗೆ, ಆ ಪಟ್ಟಿಯನ್ನು ಉದ್ದಕ್ಕೆ ಕತ್ತರಿಸಿ ತೆಗೆದರು.

"ಬಿಗಿಯಾದ್ರೆ ಆಗ್ಲಿ" ಎಂದರು. "ನನಗೂ ಗೊತ್ತಾಗ್ಬೇಕಲ್ಲ."

ಮಾಸ್ಟರು ಪ್ಯಾಂಟು ಹಾಕಿಕೊಂಡು ಕನ್ನಡಿಯ ಮುಂದೆ ಹೋಗಿ, ಗಿರಾಕಿಯನ್ನು ನಿಲ್ಲಿಸುವ ಜಾಗದಲ್ಲಿ ತಾವೇ ನಿಂತರು. ಅಕ್ಕ ಮಂಡಿಯೂರಿ ಕಾಲಂಚು ಸರಿ ಮಾಡಿದರು, ಸೊಂಟದಲ್ಲಿ ಎರಡು ಬೆರಳು ತೂರಿಸಿ ಸಡಿಲ ನೋಡಿದರು. ಸರಿಯಾಗಿತ್ತು.